ಸೋಮವಾರ ಹೂಡಿದ ಗಾಡಿ

ಜೂನ್ 17, ಮಂಗಳವಾರ, ಬೆಳಿಗ್ಗೆ ಹತ್ತೂಕಾಲು. ಕೊಟ್ಟೂರಿನ ನಮ್ಮ ಕೇಂದ್ರದ ಹಜಾರದಲ್ಲಿ ಇಪ್ಪತ್ತನಾಲ್ಕು ಕುರ್ಚಿಗಳಿದ್ದವು. ಅಂದು ಹನ್ನೊಂದು ಮಕ್ಕಳನ್ನು ಬರಹೇಳಿದ್ದೆವು. ಬಂದಿದ್ದು ಒಬ್ಬಳೇ ಹುಡುಗಿ, ಜೊತೆಗೆ ಅವಳ ತಾಯಿ. ಕೂಡ್ಲಿಗಿ ಕಡೆಯ ಹಳ್ಳಿಗಳಿಗೆ ಮಕ್ಕಳನ್ನು ಕರೆತರಲು ಹೋಗಿದ್ದ ನಮ್ಮ ಗಾಡಿ ಖಾಲಿಯಾಗಿ ಹಿಂದಿರುಗಿ ಬೇವಿನ ಮರದ ಕೆಳಗೆ ನಿಂತಿತ್ತು.

ನಮ್ಮದು ಬೌದ್ಧಿಕ ಮತ್ತು ಬೆಳವಣಿಗೆಯ ಅಂಗವೈಕಲ್ಯದ ಬಗ್ಗೆ ಸಂಶೋಧನೆ ಮಾಡುವ ಕೇಂದ್ರ. ಮಾತು ತಡವಾದ, ಕಲಿಕೆ ನಿಧಾನವಾದ, ತಮ್ಮ ಕೆಲಸ ತಾವು ಮಾಡಿಕೊಳ್ಳಲು ಕಷ್ಟಪಡುವ ಮಕ್ಕಳಿಗೆ ಇಲ್ಲಿ ತರಬೇತಿ ಕೊಡುತ್ತಾರೆ. ಯಾವ ತರಬೇತಿಯಿಂದ ಯಾವ ಮಗುವಿಗೆ ಏನು ಅನುಕೂಲವಾಯಿತು ಎಂಬುದನ್ನು ಕಾಲಕಾಲಕ್ಕೆ ಒಂದೇ ಬಗೆಯಲ್ಲಿ ಪರೀಕ್ಷಿಸಿ ಬರೆದಿಡುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ತಾಲೂಕುಗಳಿಂದ ಒಟ್ಟು 148 ಮಕ್ಕಳು ಅಧ್ಯಯನದಲ್ಲಿದ್ದರು. ಕಟ್ಟಡ ಹಿಂದೆ ಶೇಂಗಾ ಎಣ್ಣೆಯ ಮಿಲ್ಲು. ಬಿಸಿಲೇರಿದರೆ ಗೋಡೆಗಳು ಈಗಲೂ ಹಿಂಡಿಯ ವಾಸನೆ ಬಿಡುತ್ತವೆ.

ನಾನು ಅಲ್ಲಿನ ಆಡಳಿತಾಧಿಕಾರಿ. ಊರು ಕೂಡ್ಲಿಗಿ, ವಯಸ್ಸು ಇಪ್ಪತ್ತೆಂಟು, ಕೆಲಸಕ್ಕೆ ಸೇರಿ ಆಗ ಏಳು ತಿಂಗಳಾಗಿತ್ತು. ಮಕ್ಕಳನ್ನು ಪರೀಕ್ಷಿಸುವುದು ನನ್ನ ಕೆಲಸವಲ್ಲ, ನನಗೆ ಅದು ಬರುವುದೂ ಇಲ್ಲ. ಮಗು ಬಂದಾಗ ಕೋಣೆ, ಗಾಡಿ, ಕುಡಿಯುವ ನೀರು, ಪರೀಕ್ಷಿಸುವವರು ಎಲ್ಲವೂ ಸಿದ್ಧವಿರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಮಗುವೇ ಬರದಿದ್ದರೆ ಅದಕ್ಕೆ ಉತ್ತರ ಕೊಡಬೇಕಾದವಳೂ ನಾನೇ.

ಆ ಉತ್ತರ ಕೊಡುವ ದಿನವೂ ಗೊತ್ತಾಗಿತ್ತು. ಎರಡನೇ ಸುತ್ತಿನ ಪರೀಕ್ಷೆ ಆಗಸ್ಟ್ 31ಕ್ಕೆ ಮುಗಿಯಬೇಕು, ಕನಿಷ್ಠ 120 ಮಕ್ಕಳನ್ನಾದರೂ ಮತ್ತೆ ನೋಡಿರಬೇಕು ಎಂದು ಮುಖ್ಯ ಕಚೇರಿ ಮೇ ತಿಂಗಳ ಕೊನೆಯಲ್ಲಿ ಬರೆದಿತ್ತು. ಅದಕ್ಕಿಂತ ಕಡಿಮೆಯಾದರೆ ಅಧ್ಯಯನಕ್ಕೆ ಬೆಲೆಯಿಲ್ಲ, ಕೊಟ್ಟೂರಿನ ಘಟಕವನ್ನು ಮುಚ್ಚಿ ಉಳಿದ ಕೆಲಸವನ್ನು ದೊಡ್ಡ ಊರಿಗೆ ಸಾಗಿಸುತ್ತೇವೆ ಎಂದಿತ್ತು. ಘಟಕ ಮುಚ್ಚಿದರೆ ತರಬೇತಿಯೂ ನಿಲ್ಲುತ್ತದೆ. ಜೂನ್ 17ರ ಬೆಳಿಗ್ಗೆ ನನ್ನ ದಿನಚರಿಯ ಲೆಕ್ಕ: ಹತ್ತೊಂಬತ್ತು.

ಆ ದಿನ ಬಂದಿದ್ದ ತಾಯಿ ಹಡಗಲಿ ಕಡೆಯ ಮಾಗಳದವರು. ಎರಡು ಬಸ್ಸು ಬದಲಿಸಿ ಬಂದಿದ್ದರು. ಖಾಲಿ ಕುರ್ಚಿಗಳನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿದರು.

"ನಾವೊಬ್ಬರೇನ ಏನು ತಂಗಿ?"

"ನೀವೊಬ್ಬರ ಅಕ್ಕಾ. ಫೋನ್ ಮಾಡಿದಾಗ ಎಲ್ಲಾರೂ ಬರ್ತೀವಿ ಅಂದಿದ್ರು."

"ಫೋನಿನ್ಯಾಗ ಇಲ್ಲ ಅನ್ನಕ ಯಾರಿಗಿ ಬಾಯಿ ಬರತೈತಿ? ಮೊನ್ನಿ ಮಳಿ ಆಗೈತಿ, ಹೊಲ ಹದಕ್ಕ ಬಂದೈತಿ. ಹದ ಬಿಟ್ಟು ನಿಮ್ಮ ಕುರ್ಚಿ ಮ್ಯಾಲೆ ಕುಂದ್ರಾಕ ಬರ್ತಾರೇನು?"

"ಬಿತ್ತಿಗಿ ಮುಗದ ಮ್ಯಾಲೆ ಬರ್ತಾರೇನು ಹಂಗಾದ್ರ?"

"ಬಿತ್ತಿಗಿ ಮುಗದ ಮ್ಯಾಲೆ ಎಡಿ ಹೊಡೀಬೇಕು. ಆಮ್ಯಾಲೆ ಕಳೇವು. ಬರ್ತಾರ ತಗೋ, ದೀಪಾವಳಿ ಹೊತ್ತಿಗಿ."

ಅವರ ಮಗಳಿಗೆ ಹನ್ನೊಂದು ವರ್ಷ. ಮಾತು ಬಂದಿಲ್ಲ. ಬೇಕಾದದ್ದನ್ನು ಚಿತ್ರದ ಕಾರ್ಡು ತೋರಿಸಿ ಕೇಳುವುದನ್ನು ನಮ್ಮಲ್ಲಿ ಒಂದು ವರ್ಷದಿಂದ ಕಲಿಸುತ್ತಿದ್ದರು. ಅಂದು ಅವಳು ಯಾವ ಕಾರ್ಡನ್ನೂ ನೋಡಲಿಲ್ಲ. ಮೇಜಿನ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದಳು. ಬಸ್ಸಿನ ಆಯಾಸ ಎಂದು ನಮ್ಮ ಮನಶ್ಶಾಸ್ತ್ರಜ್ಞೆ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. ನನ್ನ ಲೆಕ್ಕ ಹತ್ತೊಂಬತ್ತರಲ್ಲೇ ಉಳಿಯಿತು. ತಾಯಿ ಮಗಳ ತಲೆ ಸವರುತ್ತಾ, "ಮನ್ಯಾಗ ತೋರಸ್ತಾಳ್ರಿ. ಇಲ್ಲಿ ಬಂದ್ರ ಅದೇನು ಸಿಟ್ಟೋ," ಎಂದರು. ಆಮೇಲೆ ಬಾಗಿಲ ಬಳಿ ನಿಂತು ಒಂದು ಮಾತು ಕೇಳಿದರು. "ಇದು ಮುಚ್ಚತೈತಂತ ಹೌದೇನು ತಂಗಿ? ಮುಚ್ಚಿದ್ರ ಈಕಿನ್ನ ಎಲ್ಲಿಗಿ ಒಯ್ಯಲಿ ನಾನು?"

ನೀರು ಕುಡಿದು ಹೋಗಿರೆಂದೆ.

ಮಧ್ಯಾಹ್ನ ಬಾರದ ಹತ್ತು ಮನೆಗಳಿಗೂ ನಾನೇ ಫೋನ್ ಮಾಡಿದೆ. ಮೊದಲು ಈ ಕೆಲಸವನ್ನು ನಮ್ಮ ಲೆಕ್ಕಾಧಿಕಾರಿಗಳು ಮಾಡುತ್ತಿದ್ದರು. ಅವರು ಹಗರಿಬೊಮ್ಮನಹಳ್ಳಿಯ ಹಿರಿಯರು. "ಬರ್ತೀರೋ ಇಲ್ಲೋ?" ಎಂದು ಕೇಳಿ, "ಬರ್ತೀವಿ" ಎಂದರೆ ಸರಿ ಗುರುತು ಹಾಕುತ್ತಿದ್ದರು. ನಾನು "ಯಾಕ ಬರಲಿಲ್ಲ?" ಎಂದು ಕೇಳಿದೆ. ನಾಲ್ಕನೇ ಕರೆಗೆ ಸಿಕ್ಕವರು ಕೂಡ್ಲಿಗಿ ಹತ್ತಿರದ ಹಳ್ಳಿಯ ಒಬ್ಬ ತಂದೆ.

"ನಿನ್ನಿ ಕರದಿದ್ರ ಬರತಿದ್ವಿ ನೋಡ್ರಿ. ನಿನ್ನಿ ಕೊಟ್ಟೂರಾಗ ಇದ್ವಲ್ಲ."

"ಕೊಟ್ಟೂರಾಗ ಇದ್ರಾ?"

"ಸೋಮಾರ ಅಲ್ಲೇನ್ರಿ? ದೇವ್ರಿಗಿ ಬಂದಿದ್ವಿ, ಹುಡುಗನ್ನೂ ಕರಕೊಂಡು. ನಿಮ್ಮ ಗೇಟಿನ ಮುಂದ ಬಾಳಿಹಣ್ಣು ತಗೊಂಡ್ವಿ. ಗೇಟು ಹಾಕಿತ್ತು. ಹುಡುಗ ಗೇಟು ಹಿಡಕೊಂಡು ಬರವಲ್ಲೆ ಅಂತ ಕುಂತುಬಿಟ್ಟ. ಎಳಕೊಂಡು ಹೋಗೂದ ಒಂದು ಕೆಲಸ ಆತು."

ಉಳಿದವರಲ್ಲೂ ಐದು ಮನೆಯವರು ಹಿಂದಿನ ದಿನ ಕೊಟ್ಟೂರಿನಲ್ಲೇ ಇದ್ದರು. ಇಬ್ಬರು, ಊರಲ್ಲೇ ಇದ್ದೆವು, ಸೋಮವಾರ ಕೆಲಸವಿಲ್ಲವಲ್ಲ ಎಂದರು. ನಾನು ಫೋನ್ ಕೆಳಗಿಟ್ಟು ಎದುರು ಕೂತಿದ್ದ ಲೆಕ್ಕಾಧಿಕಾರಿಗಳನ್ನು ನೋಡಿದೆ. ಅವರಿಗೂ ಅರ್ಥವಾಗಿತ್ತು. "ಹೌದಲ್ರಿ," ಎಂದರು, ಅಷ್ಟೆ.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಅಂದು ಎತ್ತಿನ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇವು ಹಾಕಿ ಬಿಡುತ್ತಾರೆ. ಎಷ್ಟೋ ಮನೆಗಳಲ್ಲಿ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು ಬಂದಿದೆ, ಸೋಮವಾರ ಅದಕ್ಕೂ ವಿಭೂತಿ, ಅದಕ್ಕೂ ಬಿಡುವು. ಬೇಸಾಯ ನಿಂತರೆ ಕೂಲಿಗೂ ಕರೆಯುವುದಿಲ್ಲ. ಹಾಗಾಗಿ ಹೊಲ ಇದ್ದವರಿಗೂ ಇಲ್ಲದವರಿಗೂ ಬಿತ್ತನೆಯ ತಿಂಗಳಲ್ಲಿ ವಾರಕ್ಕೆ ಸಿಗುವ ಒಂದೇ ಬಿಡುವು ಅದು. ಇದು ನಮಗೆ ಯಾರೂ ಹೇಳಿಕೊಡಬೇಕಾದದ್ದಲ್ಲ. ಕೂಡ್ಲಿಗಿಯ ನಾನು, ಹಗರಿಬೊಮ್ಮನಹಳ್ಳಿಯ ಲೆಕ್ಕಾಧಿಕಾರಿಗಳು, ಕೊಟ್ಟೂರಿನವರೇ ಆದ ನಮ್ಮ ಚಾಲಕರು, ಎಲ್ಲರೂ ಇದನ್ನು ನೋಡುತ್ತಲೇ ಬೆಳೆದವರು. ಅದಕ್ಕೇ ಕೇಂದ್ರ ಶುರುವಾದಾಗಲೇ ಸೋಮವಾರ ಗಾಡಿ ತೆಗೆಯುವುದಿಲ್ಲ, ಮಕ್ಕಳನ್ನು ಕರೆಯುವುದಿಲ್ಲ ಎಂದಾಗಿತ್ತು. ಅಂದು ಗೇಟು ಹಾಕಿ ಒಳಗೆ ಕೂತು ವರದಿ ಬರೆಯುತ್ತಿದ್ದೆವು. ಊರವರಾದ ಕಾರಣಕ್ಕೇ ನಾವು ಈ ತಪ್ಪು ಮಾಡಿದ್ದೆವು. ಹೊರಗಿನವರು ಕ್ಯಾಲೆಂಡರ್ ಮಾಡಿದ್ದರೆ ತಿಳಿಯದೆಯೇ ಸೋಮವಾರ ಕರೆದುಬಿಡುತ್ತಿದ್ದರು.

ಹೊರಗಿನವರೆಂದರೆ ಒಬ್ಬರೇ, ನಮ್ಮ ನಿರ್ದೇಶಕರು. ಮೈಸೂರು ಕಡೆಯ ವೈದ್ಯೆ, ಐವತ್ತು ದಾಟಿದವರು. ಜೂನ್ 18ರ ಬೆಳಿಗ್ಗೆ ವಿಷಯವನ್ನು ಅವರ ಮುಂದಿಟ್ಟೆ.

"ಹಾಗಾದ್ರೆ ಸೋಮವಾರ ವರದಿ ದಿನ ಅನ್ನೋದು ವರದಿಗಲ್ವಾ?" ಎಂದು ಅವರು ಕನ್ನಡಕ ತೆಗೆದರು. "ಮೂರು ವರ್ಷದಿಂದ ಇಷ್ಟು ಶಿಸ್ತಾಗಿ ವರದಿ ಬರೀತಾರಲ್ಲ ಅಂತ ನಾನು ಎಲ್ಲರ ಹತ್ರ ಹೊಗಳಿಕೊಂಡು ಬಂದಿದೀನಿ."

ನಗು ಮುಗಿದ ಮೇಲೆ ಅವರು ಒಪ್ಪಲಿಲ್ಲ. ಕಾರಣ ಸರಿಯಾಗಿಯೇ ಇತ್ತು. ಮೊದಲ ಸುತ್ತಿನ ಪರೀಕ್ಷೆ ನಿಶ್ಶಬ್ದವಾದ ದಿನಗಳಲ್ಲಿ ಆಗಿತ್ತು. ಸೋಮವಾರದ ಕೊಟ್ಟೂರು ಎಂದರೆ ಜನ, ಗಂಟೆ, ಧ್ವನಿವರ್ಧಕ. "ಗಲಾಟೆಯಲ್ಲಿ ನಮ್ಮ ಮಕ್ಕಳು ಬೇರೇನೇ ಥರ ಇರ್ತಾರೆ. ಎರಡೂ ಸುತ್ತು ಒಂದೇ ಥರ ಇಲ್ದಿದ್ರೆ ಹೋಲಿಸೋದು ಹೇಗೆ? ನೂರಿಪ್ಪತ್ತು ಮಕ್ಕಳನ್ನ ತಪ್ಪಾಗಿ ನೋಡೋದಕ್ಕಿಂತ ಇಪ್ಪತ್ತು ಮಕ್ಕಳನ್ನ ಸರಿಯಾಗಿ ನೋಡಿ ಮುಚ್ಚಿಕೊಂಡು ಹೋಗೋದು ಮೇಲು. ನಿಶ್ಶಬ್ದವಾದ ಕೋಣೆ ಕೊಡಿ, ಸೋಮವಾರ ಕೊಡ್ತೀನಿ."

ಇಡೀ ಕಟ್ಟಡದಲ್ಲಿ ಅಂಥ ಜಾಗ ಒಂದೇ ಇತ್ತು. ಮಿಲ್ಲಿನ ಕಾಲದಲ್ಲಿ ಬಿತ್ತನೆ ಶೇಂಗಾ ಇಡುತ್ತಿದ್ದ ಒಳಗಿನ ಗೋದಾಮು. ಗೋಡೆ ಒಂದೂವರೆ ಮೊಳ ದಪ್ಪ. ನಾವು ಅದರಲ್ಲಿ ಹಳೆಯ ಕಡತಗಳನ್ನು ತುಂಬಿದ್ದೆವು. ಕಡತಗಳ ಕೋಣೆಯೊಳಗೆ ಮಕ್ಕಳನ್ನು ಕೂರಿಸುತ್ತೇನೆಂದಾಗ ಲೆಕ್ಕಾಧಿಕಾರಿಗಳ ಮುಖ ಸಣ್ಣದಾಯಿತು.

"ಕಡತ ಎಲ್ಲಿ ಇಡೂದ್ರಿ?"

"ನನ್ನ ಕೋಣ್ಯಾಗ."

"ನೀವೆಲ್ಲಿ ಕುಂದರ್ತೀರಿ?"

"ಹಜಾರದಾಗ. ನಿಮ್ಮ ಬಾಜೂಕ."

"ಹಂಗಾದ್ರ ನಾನು ಇನ್ನ ತೂಕಡಿಸೂದೂ ಕಷ್ಟ ಆತು," ಎಂದು ಅವರು ತೋಳು ಮಡಚಿದರು. ಎರಡು ದಿನ ನಾವೆಲ್ಲರೂ ಕಡತ ಹೊತ್ತೆವು. ಗೋದಾಮಿಗೆ ಸುಣ್ಣ ಹೊಡೆಸಿ, ಎರಡು ಫ್ಯಾನು ಹಾಕಿಸಿ, ನಡುವೆ ಮರದ ಅಡ್ಡಗೋಡೆ ನಿಲ್ಲಿಸಿ ಎರಡು ಕೋಣೆ ಮಾಡಿದೆವು. ಜೂನ್ 20ರ ಸಂಜೆ ನಿರ್ದೇಶಕರು ಒಳಗೆ ಕೂತು ಬಾಗಿಲು ಹಾಕಿಕೊಂಡರು. ಹೊರಗೆ ಲೆಕ್ಕಾಧಿಕಾರಿಗಳು ಊಟದ ತಟ್ಟೆಗೆ ಸೌಟಿನಿಂದ ಬಡಿಯುತ್ತಾ ನಿಂತರು. ಐದು ನಿಮಿಷದ ಮೇಲೆ ಬಾಗಿಲು ತೆರೆದ ನಿರ್ದೇಶಕರು, "ಯಾಕೆ ಇನ್ನೂ ಶುರು ಮಾಡಿಲ್ಲ?" ಎಂದು ಕೇಳಿದರು. ಕೋಣೆ ಗೆದ್ದಿತ್ತು.

ಉಳಿದದ್ದು ಗಾಡಿ. ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆಯವರು ರೈಲಿಗೋ ಬಸ್ಸಿಗೋ ಬರಬಲ್ಲರು. ಹಡಗಲಿಯ ಹೊಳೆದಂಡೆಯ ಊರುಗಳಿಗೆ, ಕೂಡ್ಲಿಗಿಯ ಒಳಗಿನ ಹಳ್ಳಿಗಳಿಗೆ ಗಾಡಿ ಹೋಗಲೇಬೇಕು. ಕೆಲವು ಮಕ್ಕಳು ತುಂಬಿದ ಬಸ್ಸಿನಲ್ಲಿ ಕೂಗಿಕೊಳ್ಳುತ್ತಾರೆ, ಇಳಿದುಬಿಡುತ್ತಾರೆ.

ನಮ್ಮ ಚಾಲಕರಿಗೆ ಐವತ್ತೆರಡು ವರ್ಷ. ಸೋಮವಾರ ಬೆಳಿಗ್ಗೆ ಗಾಡಿ ತೊಳೆದು, ಬಾನೆಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ ಎಳೆದು, ಬೇವಿನ ನೆರಳಿಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. ಆಮೇಲೆ ಸಂಜೆಯವರೆಗೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಜೂನ್ 20ರ ಸಂಜೆಯೇ ಅವರನ್ನು ಕೇಳಿದೆ.

"ಸೋಮಾರ ಗಾಡಿ ತೆಗಿಯಂಗಿಲ್ರಿ ಮೇಡಂ."

"ಯಾಕ್ರಿ?"

"ಕೂಡ್ಲಿಗಿಯೋರಾಗಿ ನೀವ ಕೇಳ್ತೀರಲ್ಲ! ಡಾಕ್ಟರ್ ಮೇಡಮ್ಮಾರು ಕೇಳಿದ್ರ ಒಂದು ಮಾತು."

"ಅದು ಎತ್ತಿಗಿ. ಇದು ಡೀಸೆಲ್ ಕುಡಿಯೂದು."

"ಏನರ ಕುಡೀಲ್ರಿ. ವಾರೆಲ್ಲಾ ದುಡೀತೈತೋ ಇಲ್ಲೋ?"

"ಬದ್ಲಿ ಗುರುವಾರ ಬಿಡುವು ಕೊಡ್ತೀನಿ."

"ದೇವ್ರಿಗೂ ಕಾಂಪ್ ಆಫ್ ಕೊಡ್ತೀರೇನ್ರಿ?"

ಹಿಂದೆ ನಿಂತಿದ್ದ ಲೆಕ್ಕಾಧಿಕಾರಿಗಳು ನನ್ನ ಕಿವಿಯ ಬಳಿ ಬಂದು, "ಮೆಮೊ ಕೊಟ್ಟುಬಿಡ್ರಿ. ಮೆಮೊ ಕಂಡ್ರ ಎಂಥಾ ಎತ್ತೂ ಎದ್ದು ನಿಂದರತೈತಿ," ಎಂದರು.

ಮೆಮೊ ಕೊಡುವ ಅಧಿಕಾರ ನನಗಿತ್ತು. ಕೊಡಲಿಲ್ಲ. ಮೆಮೊ ಕೊಟ್ಟರೆ ಗಾಡಿ ಹೋಗಿ ಬರುತ್ತದೆ, ಅಷ್ಟೆ. ಪ್ರತಿ ಓಣಿಯ ಬಾಯಲ್ಲಿ ನಿಂತು ಹಾರ್ನ್ ಹೊಡೆದು, "ಯವ್ವಾ, ಕೂಸಿಗಿ ಚಪ್ಲಿ ಹಾಕು, ನಿಲ್ಲತೀನಿ," ಎನ್ನುವವರು ನಮ್ಮ ಚಾಲಕರು. ಮನಸ್ಸಿಲ್ಲದೆ ಹೊರಟರೆ ಆ ನಿಲ್ಲುವುದು ಹೋಗುತ್ತದೆ, ಅದು ಹೋದರೆ ಮಕ್ಕಳೂ ಬರುವುದಿಲ್ಲ. ನಾನು ಬೇರೆ ದಾರಿ ಹಿಡಿದೆ.

"ಎತ್ತು ಸೋಮಾರ ಯಾತಕ್ಕೂ ಕಟ್ಟಂಗ ಇಲ್ಲೇನ್ರಿ?"

"ಹೊಲಕ್ಕ ಹೂಡಬಾರದು. ಸಾಮಾನಿನ ಹೇರು ಹೇರಬಾರದು."

"ಯಾರಿಗಾರ ಹೆರಿಗಿ ನೋವು ಬಂದ್ರ?"

"ಅವಾಗ ವಾರ ಯಾರು ನೋಡ್ತಾರ್ರಿ? ಕಟ್ಟತಾರ."

"ಮತ್ತ ನಮ್ಮ ಮಕ್ಕಳಿಗಿ?"

ಅವರು ಬಾನೆಟ್ಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. "ನಮ್ಮವ್ವನ್ನ ಕೇಳಿ ನಾಳಿ ಹೇಳ್ತೀನಿ," ಎಂದರು.

ಮರುದಿನ ನಾನು ಬರುವ ಮೊದಲೇ ಅವರು ಗೇಟಿನಲ್ಲಿ ನಿಂತಿದ್ದರು.

"ಕೇಳ್ದೆ ಮೇಡಂ. ಮಕ್ಕಳು ಹೇರು ಅಲ್ಲ ಅಂದ್ಲು ನಮ್ಮವ್ವ."

"ಹಂಗಾದ್ರ ಆತಲ್ಲ!"

"ತಡೀರಿ. ಮಕ್ಕಳು ಹೇರಲ್ಲ, ಅವರ ಅವ್ವಾರು ಹೇರಲ್ಲ. ಆದ್ರ ಆಫೀಸು ಹೇರು. ಫೈಲು, ನೀರಿನ ಕ್ಯಾನು, ಖುರ್ಚಿ ಏನೂ ಇಡಂಗಿಲ್ಲ."

"ಆತು."

"ನೀವೂ ಹೇರೇನ."

ಬೇರೆ ದಿನಗಳಲ್ಲಿ ನಾನು ಕೂಡ್ಲಿಗಿಯಿಂದ, ಲೆಕ್ಕಾಧಿಕಾರಿಗಳು ಹಗರಿಬೊಮ್ಮನಹಳ್ಳಿಯಿಂದ ಹೇಗೋ ಆ ಗಾಡಿಯ ದಾರಿಗೆ ಬಂದು ಅದರಲ್ಲೇ ಹತ್ತಿಕೊಳ್ಳುತ್ತಿದ್ದೆವು. ನಿರ್ದೇಶಕರಿಗೂ ಅದೇ ಗಾಡಿ. ಸೋಮವಾರ ಅಧಿಕಾರಿಗಳಾರೂ ಹತ್ತುವಂತಿಲ್ಲ ಎಂಬ ಆದೇಶವನ್ನು ನಾನೇ ಟೈಪ್ ಮಾಡಿ ಹಜಾರದಲ್ಲಿ ಅಂಟಿಸಿದೆ. ನನ್ನ ಸಹಿಯ ಆದೇಶಗಳಲ್ಲಿ ಎಲ್ಲರೂ ನಿಂತು ಓದಿದ್ದು ಅದೊಂದೇ. "ಎತ್ತಿನ ಗಾಡೀಲಿ ಬಂದ್ರೆ?" ಎಂದು ನಿರ್ದೇಶಕರು ಕೇಳಿದರು. "ಅದಕ್ಕೂ ಸೋಮಾರನ ರಜಾ ಮೇಡಂ," ಎಂದರು ಚಾಲಕರು.

ಜೂನ್ 23, ಮೊದಲ ಸೋಮವಾರ. ಕೂಡ್ಲಿಗಿಯಿಂದ ನಿಂತೇ ಬಂದೆ. ಬಸ್ಸಿನ ತುಂಬ ಆಧಾರ್ ಕಾರ್ಡು ಹಿಡಿದ ಹೆಂಗಸರು, ಕಾಯಿ ಕರ್ಪೂರದ ಚೀಲಗಳು. ಗೇಟು ತೆರೆದಿಟ್ಟಿದ್ದೆವು. ಹತ್ತೂವರೆಯವರೆಗೆ ಯಾರೂ ಬರಲಿಲ್ಲ. ಹನ್ನೊಂದಕ್ಕೆ ಪೂಜೆ ಮುಗಿಸಿ ಎಲ್ಲರೂ ಒಟ್ಟಿಗೆ ಬಂದರು. ಇಪ್ಪತ್ತಾರು ಮಕ್ಕಳು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೊಬ್ಬರಿ ಚೂರು. ಕುರ್ಚಿಗಳು ಸಾಲಲಿಲ್ಲ. ನನಗೆ ಕುಣಿಯಬೇಕೆನಿಸಿತು, ಒಂದು ಗಂಟೆಯ ಮೇಲೆ ಅಳಬೇಕೆನಿಸಿತು. ಪರೀಕ್ಷಿಸುವವರು ಇಬ್ಬರೇ. ಮರದ ತುಂಡು ಜೋಡಿಸುವುದು, ಗುಂಡಿ ಹಾಕುವುದು, ಚಿತ್ರ ತೋರಿಸುವುದು, ಆಮೇಲೆ ತಾಯಿಯ ಜೊತೆ ಮಾತು, ಒಂದು ಮಗುವಿಗೆ ಒಂದು ಗಂಟೆ ಬೇಕು. ರೈಲಿನವರು ರೈಲು ಹೋಗುತ್ತದೆಂದು ಎದ್ದರು. ಒಂಬತ್ತು ಮಕ್ಕಳನ್ನು ನೋಡಿದೆವು, ಹದಿನೇಳು ಮಕ್ಕಳು ಹಿಂದಿರುಗಿದರು.

ಹರಪನಹಳ್ಳಿ ಕಡೆಯ ಒಬ್ಬ ತಂದೆ ಹೋಗುವಾಗ ನನ್ನ ಮೇಜಿನ ಮುಂದೆ ನಿಂತರು. "ಮದುವಿಗೆ ಕರ್ದು ಊಟ ಇಲ್ಲ ಅಂದಂಗಾತಲ್ರೀ ಇದು?"

"ಮುಂದಿನ ಸೋಮವಾರ ಮೊದಲನೇ ಪಂಕ್ತಿ ನಿಮ್ಮದ ಅಣ್ಣಾರೆ," ಎಂದೆ. ಅವರು ನಗಲಿಲ್ಲ.

ಆ ವಾರವಿಡೀ ನಾವು ಒಂದೇ ವಿಷಯ ಚರ್ಚಿಸಿದೆವು, ಯಾರು ಮೊದಲು. ದೂರದವರು ಮೊದಲು ಎಂದೆ ನಾನು. ಚಿಕ್ಕವರು ಮೊದಲು ಎಂದರು ನಿರ್ದೇಶಕರು. ಕೊನೆಗೆ ಲೆಕ್ಕಾಧಿಕಾರಿಗಳ ಮಾತು ನಿಂತಿತು. "ರೈಲು ನಮ್ಮಪ್ಪಂದಲ್ಲ, ಕಾಯಂಗಿಲ್ಲ. ಬಸ್ಸು ಒಂದು ತಪ್ಪಿದ್ರ ಇನ್ನೊಂದು. ನಮ್ಮ ಗಾಡಿ ನಮ್ಮ ಕೈಯಾಗೈತಿ." ಹಾಗಾಗಿ ರೈಲಿನವರು ಮೊದಲು, ಬಸ್ಸಿನವರು ಆಮೇಲೆ, ಗಾಡಿಯವರು ಕೊನೆಗೆ. ಗಾಡಿಯವರು ಕಾಯುವ ಹೊತ್ತಿನಲ್ಲಿ ದೇವಸ್ಥಾನ ಮುಗಿಸಿ ಬರಲಿ. ಒಂದು ಸೋಮವಾರಕ್ಕೆ ಹದಿನಾಲ್ಕಕ್ಕಿಂತ ಹೆಚ್ಚು ಮಕ್ಕಳನ್ನು ಕರೆಯುವುದು ಬೇಡ. ಸೋಮವಾರ ಒಪ್ಪತ್ತು ಮಾಡುವ ಲೆಕ್ಕಾಧಿಕಾರಿಗಳು ಖಾಲಿ ಹೊಟ್ಟೆಯಲ್ಲೇ ಬಾಗಿಲಲ್ಲಿ ಕೂತು ಸರದಿ ಕೂಗುವ ಕೆಲಸ ಒಪ್ಪಿಕೊಂಡರು. "ಹಸದಾಗ ಧ್ವನಿ ಚೊಲೋ ಬರತೈತಿ," ಎಂದರು.

ಜೂನ್ 30ರಂದು ಹನ್ನೆರಡು ಮಕ್ಕಳು. ಮೊದಲು ಒಳಗೆ ಹೋದದ್ದು ಹರಪನಹಳ್ಳಿ ಕಡೆಯ ಆ ತಂದೆಯ ಮಗ. ಜುಲೈ 14ಕ್ಕೆ ನನ್ನ ಲೆಕ್ಕ 57. ಬೇರೆ ದಿನಗಳಲ್ಲಿ ಆಗಾಗ ಒಂದೆರಡು ಮಕ್ಕಳು, ಸೋಮವಾರ ಹಜಾರ ತುಂಬ. ಗೇಟಿನ ಮುಂದಿನ ಬಾಳೆಹಣ್ಣಿನವರು ಬುಟ್ಟಿಯನ್ನು ಗೇಟಿನ ಒಳಗೇ ತಂದಿಟ್ಟುಕೊಂಡರು. ಜುಲೈ 28, ಶ್ರಾವಣದ ಮೊದಲ ಸೋಮವಾರ, ನಮ್ಮ ಇಬ್ಬರು ಮನಶ್ಶಾಸ್ತ್ರಜ್ಞರಲ್ಲಿ ಒಬ್ಬರು ಜ್ವರದಿಂದ ಮಲಗಿದರು. ಊರಿಗೆ ಊರೇ ಜನ. ಅಂದು ಆರೇ ಮಕ್ಕಳು. ಮುಂದಿನ ಸೋಮವಾರಗಳಲ್ಲಿ ಚೇತರಿಸಿಕೊಂಡೆವು, ಆದರೂ ಆಗಸ್ಟ್ 18ರ ಸಂಜೆಗೆ ಲೆಕ್ಕ 109ಕ್ಕೆ ನಿಂತಿತು. ಉಳಿದದ್ದು ಒಂದೇ ಸೋಮವಾರ. ಬೇಕಾದದ್ದು ಹನ್ನೊಂದು ಮಕ್ಕಳು. ಆ ಶುಕ್ರವಾರ ಜ್ವರ ಬಂದಿದ್ದವರಿಗೆ ಮತ್ತೆ ಜ್ವರ ಬಂತು.

ಪರೀಕ್ಷಿಸುವವರು ಒಬ್ಬರಾದರೆ ಏಳು ಮಕ್ಕಳು, ಬಹಳವೆಂದರೆ ಎಂಟು. ನಾನು ನಿರ್ದೇಶಕರ ಕೋಣೆಗೆ ಹೋದೆ. ಏನು ಕೇಳಬೇಕೆಂದು ಬರೆದುಕೊಂಡು ಹೋಗಿದ್ದೆ, ಓದಲಿಲ್ಲ.

"ಮೇಡಂ, ಸೋಮವಾರ ನೀವೇ ಒಂದು ಕೋಣೇಲಿ ಕೂರಬೇಕು."

"ಅವತ್ತು ಮುಖ್ಯ ಕಚೇರಿಯವರ ಜೊತೆ ಮೀಟಿಂಗ್ ಇದೆ."

"ಅದನ್ನ ನಾನು ಮುಂದಕ್ಕೆ ಹಾಕಿಸ್ತೀನಿ."

"ನನ್ನ ಮೀಟಿಂಗನ್ನ ನೀವು ಮುಂದಕ್ಕೆ ಹಾಕಿಸ್ತೀರಾ?"

"ಹೌದು ಮೇಡಂ. ಆಡಳಿತ ನಂದಲ್ವಾ?"

ಅವರು ನನ್ನನ್ನು ಒಂದು ಕ್ಷಣ ದಿಟ್ಟಿಸಿ ನೋಡಿದರು. ಆಮೇಲೆ ಮೇಜಿನ ಖಾನೆಯಿಂದ ತಮ್ಮ ಹಳೆಯ ಪರೀಕ್ಷಾ ಪೆಟ್ಟಿಗೆ ತೆಗೆದು ಧೂಳು ಒರೆಸತೊಡಗಿದರು.

ಆಗಸ್ಟ್ 25, ಸೋಮವಾರ. ಗಣೇಶನ ಹಬ್ಬಕ್ಕೆ ಎರಡೇ ದಿನ, ಸಂತೆಗೂ ದೇವಸ್ಥಾನಕ್ಕೂ ಬಂದವರಿಂದ ರಸ್ತೆ ತುಂಬಿತ್ತು. ನಿರ್ದೇಶಕರು ತಾವಿದ್ದ ಮನೆಯಿಂದ ಪೆಟ್ಟಿಗೆಯನ್ನು ತೋಳಿನಲ್ಲಿ ಅವುಚಿಕೊಂಡು ನಡೆದೇ ಬಂದರು. ರೈಲಿನವರು ಐವರು, ಬಸ್ಸಿನವರು ಐವರು. ಅವರಷ್ಟೂ ಮುಗಿದರೂ 119. ಗಾಡಿ ಬರಲೇಬೇಕು. ಅದು ಬರಬೇಕಾದ ಹೊತ್ತು ಮೀರಿತ್ತು. ಲೆಕ್ಕಾಧಿಕಾರಿಗಳು ಗೇಟಿಗೂ ಹಜಾರಕ್ಕೂ ಓಡಾಡಿದರು. ನಾನು ಫೋನ್ ಮಾಡಿದರೆ ಚಾಲಕರು ಎತ್ತಲಿಲ್ಲ. ಗಾಡಿ ಓಡಿಸುವಾಗ ಅವರು ಎಂದೂ ಫೋನ್ ಎತ್ತುವುದಿಲ್ಲ, ಅದನ್ನು ಕಡ್ಡಾಯ ಮಾಡಿದ್ದೂ ನಾನೇ.

ಗಾಡಿ ಬಂತು, ನಾಲ್ಕು ಮಕ್ಕಳೊಂದಿಗೆ. ಚಾಲಕರು ಬಾಗಿಲು ತೆರೆಯುವ ಮೊದಲೇ ಕೂಗತೊಡಗಿದರು.

"ಮೇಡಂ, ಇವತ್ತು ನನ್ನ ಗಾಡಿ ನಿಲ್ಲಿಸಿಬಿಟ್ಟಳ್ರಿ ಈಕಿ!"

ಈಕಿ ಎಂದರೆ ಮಾಗಳದ ಹುಡುಗಿ. ಜೂನ್‌ನಲ್ಲಿ ಅರ್ಧಕ್ಕೇ ನಿಂತ ಪರೀಕ್ಷೆಯನ್ನು ಪೂರ್ತಿ ಮಾಡಲು ಅವಳನ್ನು ಕರೆಸಿದ್ದೆವು. ದಾರಿಯಲ್ಲಿ ಅವಳು ಸೀಟಿನಿಂದ ಎದ್ದು, ಕೊರಳಲ್ಲಿ ಜೋತಾಡುತ್ತಿದ್ದ ಕಾರ್ಡುಗಳನ್ನು ಒಂದೊಂದಾಗಿ ಸರಿಸಿ, ಕಕ್ಕಸಿನ ಚಿತ್ರವಿದ್ದ ಕಾರ್ಡನ್ನು ತಾಯಿಗಲ್ಲ, ನೇರವಾಗಿ ಚಾಲಕರ ಮುಖದ ಮುಂದೆ ಹಿಡಿದಿದ್ದಳು.

"ಮೂವತ್ತು ವರ್ಷ ಆತು ಸ್ಟೇರಿಂಗ್ ಹಿಡದು. ಹಿಂಗ ಕಾರ್ಡು ತೋರ್ಸಿ ಗಾಡಿ ನಿಲ್ಲಿಸಿದೋರು ಪೊಲೀಸ್ನೋರು ಬಿಟ್ರ ಈಕಿ ಒಬ್ಬಾಕಿನ!"

ಅವಳ ತಾಯಿ ಇಳಿಯುತ್ತಾ ನಗುತ್ತಿದ್ದರು, ಸೆರಗಿನಿಂದ ಕಣ್ಣನ್ನೂ ಒರೆಸಿಕೊಳ್ಳುತ್ತಿದ್ದರು. "ಹನ್ನೊಂದು ವರ್ಷ ನಾನ ತಿಳಕೊಂಡು ಒಯ್ಯತಿದ್ದೆ ತಂಗಿ. ನನ್ನ ಬಿಟ್ಟು ಬ್ಯಾರೇದೋರಿಗಿ ಕೇಳಿದ್ದು ಇದ ಮೊದಲು. ಅರಿವಿ ಒದ್ದಿ ಆಗಲಿಲ್ಲ ನೋಡು." ಗಾಡಿ ತಡವಾದದ್ದು ಅದಕ್ಕೇ. ಬಯಲಲ್ಲಿ ಮರೆ ಇರುವ ಜಾಗ ಸಿಗುವತನಕ ಚಾಲಕರು ನಿಧಾನವಾಗಿ ಹೋಗಿ, ನಿಲ್ಲಿಸಿ, ತಾವು ಆ ಕಡೆ ಮುಖ ಮಾಡಿ ನಿಂತಿದ್ದರು. ನಿಂತಲ್ಲೇ ಉಳಿದ ಮಕ್ಕಳಿಗೂ ಹೋಗಬೇಕೇ ಎಂದು ಅವರವರ ಮನೆಯವರಿಂದ ಕೇಳಿಸಿದ್ದರು.

ಹುಡುಗಿ ನಿರ್ದೇಶಕರ ಕೋಣೆಗೆ ಹೋದಳು. ಚಾಲಕರೂ ಹಿಂದೆಯೇ ಹೋದರು.

"ಡಾಕ್ಟರ್ ಮೇಡಂ, ಬರಕೊಳ್ರಿ. ನಾನ ಸಾಕ್ಷಿ."

"ತಾಯಿ ಹೇಳಿದ್ದು ಲೆಕ್ಕಕ್ಕೆ ಬರುತ್ತೆ. ಚಾಲಕರು ಹೇಳಿದ್ದು ಬರಲ್ಲ."

"ಗಾಡಿ ನಿಲ್ಸಿದ್ದು ನಾನು!"

"ಗೊತ್ತು. ಈಗ ಹೊರಗೆ ಹೋಗಿ. ಇಲ್ದಿದ್ರೆ ನಿಮ್ಮನ್ನೂ ಮರದ ತುಂಡು ಜೋಡಿಸೋಕೆ ಕೂರಿಸ್ತೀನಿ."

ದಪ್ಪ ಗೋಡೆಯ ಒಳಗೆ ಏನಾಯಿತೆಂದು ನಮಗೆ ಕೇಳಿಸಲಿಲ್ಲ. ಸಂಜೆ ನಾಲ್ಕೂ ಹತ್ತಕ್ಕೆ ಬಾಗಿಲು ತೆರೆಯಿತು. ನಿರ್ದೇಶಕರು ಹೊರಬಂದು, "ಪೂರ್ತಿಯಾಯ್ತು," ಎಂದರು. ಆಮೇಲೆ ದನಿ ತಗ್ಗಿಸಿ, "ಮೊದಲ ಸುತ್ತಿನಲ್ಲಿ ಒಂದೂ ಕೇಳಿರಲಿಲ್ಲ. ಇವತ್ತು ನನ್ನ ಹತ್ರ ಮೂರು ಸಲ ಕೇಳಿದ್ಲು. ಎರಡು ಸಲ ನೀರು. ಒಂದು ಸಲ, ನಿಮ್ಮ ಪರೀಕ್ಷೆ ಸಾಕು ಅಂತ," ಎಂದರು.

ಬಾಗಿಲಲ್ಲಿದ್ದ ಲೆಕ್ಕಾಧಿಕಾರಿಗಳು ಎದ್ದು ನಿಂತರು. ದಿನವಿಡೀ ಖಾಲಿಯಿದ್ದ ಹೊಟ್ಟೆಯಿಂದ ಅಷ್ಟು ದೊಡ್ಡ ಧ್ವನಿ ಹೇಗೆ ಬಂತೋ ತಿಳಿಯದು.

"ನೂರಾ ಇಪ್ಪತ್ತು!"

ಮೂಲೆಯಲ್ಲಿ ಮಗುವಿಗೆ ಮಂಡಕ್ಕಿ ತಿನ್ನಿಸುತ್ತಿದ್ದ ಅಜ್ಜಿಯೊಬ್ಬರು ತಿರುಗಿ, "ಏನು ಲಾಟ್ರಿ ಹತ್ತಿತೇನಪಾ?" ಎಂದು ಕೇಳಿದರು.

"ಹೌದವ್ವಾ, ಬಂಪರ್," ಎಂದರು ಅವರು. ಅಂದು ಇನ್ನೂ ಮೂವರು ಮಕ್ಕಳು ಉಳಿದಿದ್ದರು, ಗಾಡಿಯವರೇ. ಅವರನ್ನೂ ನೋಡಿ ಮುಗಿಸಿದೆವು. 123. ಮಿರ್ಚಿ ಬಜ್ಜಿ ತರಿಸಿ ಹಂಚಿದೆವು. ಲೆಕ್ಕಾಧಿಕಾರಿಗಳು ಒಪ್ಪತ್ತನ್ನು ಮಿರ್ಚಿಯಿಂದಲೇ ಮುಗಿಸಿದರು. ಮಾಗಳದ ತಾಯಿ ಹೊರಡುವಾಗ ಜೂನ್‌ನಲ್ಲಿ ಕೇಳಿದ್ದನ್ನು ಮತ್ತೆ ಕೇಳಲಿಲ್ಲ. "ಮುಂದಿನ ಸೋಮಾರ ತರಬೇತಿಗಿ ಎಷ್ಟೊತ್ತಿಗಿ ಬರತೈತಿ ಗಾಡಿ?" ಎಂದಷ್ಟೇ ಚಾಲಕರನ್ನು ಕೇಳಿದರು.

ಸೆಪ್ಟೆಂಬರ್ 12, ಶುಕ್ರವಾರ, ಮುಖ್ಯ ಕಚೇರಿಯ ಪತ್ರ ಬಂತು. ಕೊಟ್ಟೂರಿನ ಘಟಕ ಮುಂದುವರಿಯುತ್ತದೆ. ಮೂರನೇ ಸುತ್ತಿಗೂ ಒಪ್ಪಿಗೆ. ಜೊತೆಗೆ, ವಾರದ ವೇಳಾಪಟ್ಟಿ ಬದಲಿಸಿದ್ದಕ್ಕೆ ಕಾರಣ ತಿಳಿಸಿ ಎಂದಿತ್ತು. ನಾನು ಒಂದು ಪುಟದ ವಿವರಣೆ ಸಿದ್ಧಮಾಡಿದೆ. ನಿರ್ದೇಶಕರು ಅದನ್ನು ಪಕ್ಕಕ್ಕಿಟ್ಟು ಒಂದೇ ಸಾಲು ಬರೆದರು: ಇಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಮುಂದಿನ ವಾರ ಅಲ್ಲಿಂದ ಫೋನ್ ಬಂತು. ಎತ್ತಿಗೂ ಅಧ್ಯಯನಕ್ಕೂ ಏನು ಸಂಬಂಧ ಎಂದು ಕೇಳಿದರಂತೆ. ನಾನು ಎದುರಿಗೇ ಕೂತಿದ್ದೆ, ನಿರ್ದೇಶಕರ ಉತ್ತರವನ್ನು ಕಿವಿಯಾರೆ ಕೇಳಿದೆ.

"ಬಂದು ನೋಡಿ. ಸೋಮವಾರನೇ ಬನ್ನಿ. ಆದ್ರೆ ಸ್ಟೇಷನ್ನಿಂದ ನಡೆದು ಬರಬೇಕು. ನಮ್ಮ ಗಾಡಿ ಅಧಿಕಾರಿಗಳನ್ನ ಹೇರಲ್ಲ."

ಈಗ ಮೂರನೇ ಸುತ್ತಿನ ಕ್ಯಾಲೆಂಡರ್ ಮಾಡುತ್ತಿದ್ದೇನೆ. ಎರಡನೇ ಸುತ್ತಿಗೆ ಬಾರದ ಇಪ್ಪತ್ತೈದು ಮಕ್ಕಳಲ್ಲಿ ಹದಿನೆಂಟು ಮಕ್ಕಳ ಕಾರಣ ನನಗೆ ಗೊತ್ತು. ಕೆಲವರು ಊರು ಬಿಟ್ಟಿದ್ದಾರೆ, ಕೆಲವರಿಗೆ ಕಾಯಿಲೆ, ಇಬ್ಬರ ಮನೆಯವರು ಸಾಕು ಎಂದರು. ಉಳಿದ ಏಳು ಮಕ್ಕಳು ಹರಪನಹಳ್ಳಿಯ ಆಚೆ ತುದಿಯ ಹಳ್ಳಿಗಳವರು. ಫೋನಿನಲ್ಲಿ ಸೋಮವಾರ ಎಂದರೆ ಅವರ ಮನೆಯವರು, "ಸೋಮವಾರ ಹೆಂಗ್ ಬರೋದ್ರೀ, ಕೆಲಸ ಇರುತ್ತಲ್ಲ?" ಎನ್ನುತ್ತಾರೆ. ಆ ಕಡೆ ಕೆಲವು ಊರುಗಳಲ್ಲಿ ಎತ್ತಿಗೆ ಬಿಡುವು ಕೊಡುವ ವಾರ ಬೇರೆ, ಅದು ಆಯಾ ಊರಿನ ದೇವರ ವಾರ ಎಂದು ಯಾರೋ ಹೇಳಿದರು. ನನ್ನ ತಿಳುವಳಿಕೆ ಕೂಡ್ಲಿಗಿಯ ಆಚೆಗೆ ಹೆಚ್ಚು ಹೋಗುವುದಿಲ್ಲ. ಆ ಏಳು ಮಕ್ಕಳನ್ನು ಅವರ ಊರಿನ ಬಿಡುವಿನ ದಿನವೇ ಕರೆಯಬೇಕು, ಅಂದು ಬೇಕಾದರೆ ನಾನು ಮತ್ತೆ ನಿಂತು ಪ್ರಯಾಣ ಮಾಡುತ್ತೇನೆ. ಇದನ್ನು ಓದಿದ ನಿಮ್ಮಲ್ಲಿ ಯಾರಾದರೂ ಆ ಸೀಮೆಯವರಿದ್ದರೆ, ನಿಮ್ಮ ಊರಲ್ಲಿ ಯಾವ ವಾರ ಎತ್ತು ಹೂಡುವುದಿಲ್ಲ, ಟ್ರ್ಯಾಕ್ಟರಿಗೂ ಅದೇ ವಾರವೇ, ಅಂದು ಕೂಲಿಯೂ ಇರುವುದಿಲ್ಲವೇ ಎಂಬುದನ್ನು ದಯವಿಟ್ಟು ಬರೆದು ತಿಳಿಸಿ.